ಕೊತ್ತಂಬರಿ ಉದುರಿಸಿದ ಬೇವು-ಬೆಲ್ಲ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಬೇವಿನ ಮರವಿಲ್ಲ. ಆದ್ದರಿಂದ ನಮ್ಮ ಕನ್ನಡ ಕೂಟದ ಯುಗಾದಿಯಲ್ಲಿ ಬೆಲ್ಲ, ಹುರಿಗಡಲೆ, ಗೋಡಂಬಿ ಬೆರೆಸಿ, ಮೇಲೆ ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ, ಅದಕ್ಕೆ ಬೇವು-ಬೆಲ್ಲವೆಂದು ನಾಮಕರಣ ಮಾಡಿ ಹಂಚುವುದು ರೂಢಿ. ಈ ಪಾಕಶಾಸ್ತ್ರೀಯ ವಂಚನೆಯ ಸೂತ್ರಧಾರಿಣಿ ನಾನೇ. ಮಕ್ಕಳು ಮತ್ತೆ ಮತ್ತೆ ಕೈಯೊಡ್ಡುತ್ತಾರೆಂದು ಹೆಮ್ಮೆ ಬೇರೆ. ಆ ವರ್ಷ ಮಾತ್ರ ನನಗೆ ಆ ಸಿಹಿಯ ಮೇಲೆಯೇ ಸಿಟ್ಟು ಬಂತು.

ಪಕ್ಕದ ಮನೆಯ ಮಿರಿಯಂ ಇಸ್ರೇಲಿನ ಹೈಫಾದಲ್ಲಿ ಬೆಳೆದ ಯಹೂದಿ ಅಜ್ಜಿ. ಹರೆಯದಲ್ಲಿ ಹೀಬ್ರೂ ಕವಿತೆ ಬರೆದವರು. ಹೊಸ ಹೀಬ್ರೂ ಕಾವ್ಯದ ಫಜೀತಿ ವಿಚಿತ್ರವಾದದ್ದಂತೆ: ಪ್ರಾರ್ಥನೆಗೆಂದು ಶತಮಾನಗಳ ಕಾಲ ಮಡಿಯಲ್ಲಿಟ್ಟ ನುಡಿ, ಪ್ರೇಮಕ್ಕೆಂದು ಯಾವ ಪದ ಎತ್ತಿದರೂ ಒಳಗೊಬ್ಬ ಪ್ರವಾದಿ ಕೆಮ್ಮುತ್ತಾನೆ. ಅವರ ಅಡುಗೆಮನೆಯಲ್ಲಿ ಕುಳಿತು, ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಂತೆ, ಅವರದೇ ಒಂದು ಕವಿತೆಯನ್ನು ನಾನು ಕನ್ನಡಕ್ಕೆ ತಂದಿದ್ದೆ. ಯುದ್ಧಕ್ಕೆ ಹೊರಟ ಯೋನಾ ಎಂಬ ತರುಣನ ಅಂಗಿಗೆ ಹುಡುಗಿಯೊಬ್ಬಳು ಗುಂಡಿ ಹೊಲಿಯುತ್ತಾಳೆ; ಅಪ್ಪ ದೇವರನ್ನು ಕರೆಯುತ್ತಿದ್ದ ನುಡಿಯಲ್ಲೇ ಅವನನ್ನು ಊಟಕ್ಕೆ ಕರೆಯುತ್ತಾಳೆ, ಅದೇ ನುಡಿಯಲ್ಲಿ ರೇಡಿಯೋ ಸತ್ತವರ ಹೆಸರು ಓದುತ್ತದೆ; ಶತ್ರುಪಾಳೆಯದ ಅಂಗಿಗಳಿಗೂ ಯಾರೋ ಗುಂಡಿ ಹೊಲಿದಿರಬೇಕಲ್ಲ ಎಂಬಲ್ಲಿ ಕವಿತೆ ನಿಲ್ಲುತ್ತದೆ. ಮಿರಿಯಂ ಪ್ರೀತಿಸಿದ್ದ ನಿಜದ ಯೋನಾನೂ ಯುದ್ಧದಿಂದ ಹಿಂದಿರುಗಲಿಲ್ಲ. ಕನ್ನಡ ತಿಳಿಯದಿದ್ದರೂ, ಅವನ ಹೆಸರನ್ನು ನಾಲ್ಕು ಜನರ ನಡುವೆ ಒಮ್ಮೆ ಕೇಳಬೇಕೆಂದೇ ಮಿರಿಯಂ ನಮ್ಮ ಯುಗಾದಿ ಕವಿಗೋಷ್ಠಿಗೆ ಬರಲೊಪ್ಪಿದ್ದರು.

ಕೂಟದ ಅಧ್ಯಕ್ಷರಾದ ಡಾಕ್ಟರ್ ಸತೀಶ್ ಹತ್ತಿರದ ಡಿಡ್ಸ್‌ಬರಿ ಬಡಾವಣೆಯವರು, ಸಜ್ಜನರು. ಕವಿತೆ ಓದಿ ಫೋನು ಮಾಡಿದರು.

"ಮಾಲತಿಯಕ್ಕ, ಲವ್ ಚೆನ್ನಾಗಿದೆ, ಇಟ್ಕೊಳ್ಳಿ. ವಾರ್ ಬಿಟ್ಬಿಡಿ. ಹಬ್ಬದ ದಿನ ಸತ್ತೋರ ಹೆಸರು ಯಾಕೆ? ಆ ಯಹೂದಿ, ಹೀಬ್ರೂ ಎಲ್ಲಾ ಬೇಡ, ಫಾರಿನ್ ಕವಯಿತ್ರಿ ಅಂದ್ರೆ ಸಾಕು. ಸುಮ್ನೆ ಪಾಲಿಟಿಕ್ಸ್ ಆಗತ್ತೆ."

"ಹಾಗಾದ್ರೆ ಉಳಿಯೋದು ಗುಂಡಿ ಒಂದೇ, ಡಾಕ್ಟ್ರೇ."

"ಅದೇ ಸ್ವೀಟಾಗಿದೆ ಅಲ್ವಾ?"

ಹಾಲುಕ್ಕಿದರೂ ಒಲೆಗೆ ಬೈದವಳಲ್ಲ ನಾನು. ಅಂದು ಚಪಾತಿ ಹಿಟ್ಟು ನಾದಿದ ರಭಸಕ್ಕೆ ನಮ್ಮವರು ಪೇಪರು ಸಮೇತ ಮಹಡಿಗೆ ವಲಸೆ ಹೋದರು. ನೀವೇ ಹೇಳಿ, ಹೆಸರು, ಮತ, ಮರಣ ಮೂರನ್ನೂ ಕಳೆದ ಮೇಲೆ ಪ್ರೇಮವೆಂದು ಉಳಿಯುವುದಾದರೂ ಏನು? ಒಬ್ಬಾಕೆ ಬದುಕಿಡೀ ಹೊತ್ತ ದುಃಖವನ್ನು ನಮ್ಮ ಬಾಯಿರುಚಿಗೆಂದು ಸಿಪ್ಪೆ ಸುಲಿದು ಬಡಿಸಬೇಕೆ?

ಭಾನುವಾರ, ಮುಂದಿನ ಸಾಲಿನಲ್ಲಿ ಕೋಲೂರಿ ಕುಳಿತ ಮಿರಿಯಂ ಎದುರು ಪೂರ್ತಿ ಓದಿದೆ. ಹೀಬ್ರೂ ಎಂದೆ, ಯಹೂದಿ ಎಂದೆ. ಅಧ್ಯಕ್ಷರು ಕೈಗಡಿಯಾರ ತೋರಿಸಿದರು. ನಾನು ಇನ್ನಷ್ಟು ನಿಧಾನಿಸಿದೆ. "ಯೋನಾ" ಎಂದಾಗ ಮಿರಿಯಂ, ಯಾರೋ ಹಾಜರಿ ಕೂಗಿದಂತೆ, ಕೈಯನ್ನು ತುಸು ಮೇಲೆತ್ತಿದರು.

ಊಟಕ್ಕೆ ಮುನ್ನ ಎಂದಿನಂತೆ ತಟ್ಟೆ ಹಿಡಿದು ನಿಂತೆ. ಯಹೂದಿಗಳ ಪಾಸೋವರ್ ಹಬ್ಬವೂ ಸುಮಾರು ಅದೇ ಹೊತ್ತಿನದು. ಪೂರ್ವಜರ ದಾಸ್ಯದ ಕಹಿಯನ್ನು ನೆನೆಯಲು ಹಾರ್ಸ್‌ರ‍್ಯಾಡಿಶ್ ಎಂಬ ಘಾಟು ಬೇರನ್ನು ತುರಿದು, ಸಿಹಿಯ ಜೊತೆ ತಿನ್ನುತ್ತಾರೆ. ಮಿರಿಯಂ ನನಗೂ ಆ ತುರಿಯ ಒಂದು ಜಾಡಿ ಕೊಟ್ಟಿದ್ದರು. ಆ ಸಲ ನಾನು ಕೊತ್ತಂಬರಿ ಹೆಚ್ಚಿರಲಿಲ್ಲ. ಅಧ್ಯಕ್ಷರ ಅಂಗೈಗೆ ಬೆಲ್ಲ ಹಾಕಿ, ಮೇಲೊಂದು ಧಾರಾಳವಾದ ಚಿಟಿಕೆ ತುರಿ ಇಟ್ಟೆ. ಬಾಯಿಗೆ ಹಾಕಿಕೊಂಡವರ ಕಣ್ಣು, ಮೂಗು ಒಟ್ಟಿಗೇ ಧಾರೆಯಾದವು.

"ಏನಕ್ಕ ಇದು!"

"ಬೇವು, ಡಾಕ್ಟ್ರೇ," ಎಂದೆ. "ಈ ಸಲ ಸಿಕ್ತು."