ಅತ್ತೆಯ ಬಳ್ಳಿ ಚಳಿಗೆ ಸಿಕ್ಕ ವರ್ಷ

ಇವತ್ತು ಬೆಳಿಗ್ಗೆ ಪೂಜೆಗೆ ಎಲೆ ತರಲು ಹೋದಾಗ, ವಿಜಯನಗರದ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುವಾಕೆ ಒದ್ದೆ ಗೋಣಿಚೀಲ ಬಿಚ್ಚಿದಳು. ಎಲೆಯ ಖಾರ ವಾಸನೆ ಮೂಗಿಗೆ ಬಡಿಯಿತು. "ಚಳಿಗೆ ಅಂಚೆಲ್ಲ ಕಪ್ಪಾಗಿದೆ ಅಕ್ಕ, ಆರಿಸ್ಕೊಂಡ್ ತಗೊಳ್ಳಿ" ಅಂದಳು. ನಾನು ಆರಿಸುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಮಾರ್ಕೆಟ್ಟಿನ ಮಧ್ಯೆ ಹಾಗೆ ನಿಂತರೆ ಯಾರು ಬಿಡುತ್ತಾರೆ ಹೇಳಿ? ಹಿಂದಿನವರು ಗೊಣಗಿದರು, ಸರಿದುಕೊಂಡೆ. ಮನಸ್ಸು ಮಾತ್ರ ಹಿಂದಿನ ಒಂದು ಚಳಿಗಾಲಕ್ಕೆ ಹೋಗಿ ಕೂತಿತ್ತು.

ನಮ್ಮ ಅತ್ತೆ ಈಗ ವಿಜಯನಗರದೊಳಗೇ ಸೇರಿಹೋಗಿರುವ ಮಾರೇನಹಳ್ಳಿಯವರೇ. ಈಗ ಸಾಲಾಗಿ ಅಂಗಡಿಗಳಿರುವ ಕಡೆ ಅವರ ಮಾವನ ಕಾಲದಲ್ಲಿ ಎಲೆತೋಟ ಇತ್ತಂತೆ. ತೋಟ ಸೈಟುಗಳಾಗುವ ಹೊತ್ತಿಗೆ ಅತ್ತೆ ಒಂದು ಬಳ್ಳಿಯ ತುಂಡನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಅದರ ಸಂತತಿ ನಮ್ಮ ತಾರಸಿಯಲ್ಲಿ, ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಬೆಳೆದಿತ್ತು. ದಿನಾ ಬೆಳಿಗ್ಗೆ ಅತ್ತೆ ಮೇಲೆ ಹತ್ತಿ, ಬಳ್ಳಿಯನ್ನು ಮಾತಾಡಿಸಿ, ಊಟದ ನಂತರಕ್ಕೆ ಬೇಕಾದಷ್ಟು ಎಲೆ ಕೊಯ್ದು ತರುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಸರಿಯಾಗಿಯೇ ಆಯಿತು. ಆದರೆ ಮನೆಗೆ ಬಂದವರು ಹಾಸಿಗೆ ಬಿಟ್ಟು ಏಳಲಿಲ್ಲ. ನಡೆಯದಿದ್ದರೆ ಕಾಲು ಪೂರ್ತಿ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ ಅತ್ತೆ, "ನೋಯ್ತದೆ, ಬುಡವ್ವ" ಎಂದು ಮುಖ ತಿರುಗಿಸುತ್ತಿದ್ದರು. ಬಳ್ಳಿಯ ಪಾಲನೆ ನನ್ನ ಪಾಲಿಗೆ ಬಂತು.

ನನ್ನ ಸ್ವಭಾವ ನಿಮಗೆ ಹೇಳಿಬಿಡುತ್ತೇನೆ. ಗ್ಯಾಸ್ ಆರಿಸಿ ಬಂದು, ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಹೋಗುವವಳು ನಾನು. ಇಂಥವಳ ಕೈಗೆ ಅತ್ತೆಯ ಬಳ್ಳಿ ಸಿಕ್ಕಿತು, ಅದೇ ವರ್ಷ ಚಳಿಯೂ ಜೋರಾಗಿ ಬಂತು. ಒಂದು ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ ಎಲೆಗಳೆಲ್ಲ ಬಿಸಿನೀರು ಎರಚಿದ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಗಾಬರಿಯಲ್ಲಿ ಬಿಂದಿಗೆಗಟ್ಟಲೆ ನೀರು ಹಾಕಿದೆ. ಮಗುವಿಗೆ ಎರೆಯುವ ಹಾಗೆ ನೀರನ್ನು ಬೆಚ್ಚಗೆ ಮಾಡಿದ್ದೆ ಅನ್ನುವುದನ್ನು ನಮ್ಮವರಿಗೆ ಇವತ್ತಿಗೂ ಹೇಳಿಲ್ಲ.

ಮಧ್ಯಾಹ್ನ ಅಂಗಡಿಯಿಂದ ಎಲೆ ತಂದು ಸುಣ್ಣ ಸವರಿ ಕೊಟ್ಟೆ. ಅತ್ತೆ ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು.

"ಇದು ನಮ್ ಬಳ್ಳೀದಲ್ಲ ಕಣಮ್ಮಿ. ಏನಾಗದೆ ಅದಕ್ಕೆ?"

"ಚಳಿಗೆ ಎಲೆ ಎಲ್ಲಾ ಕಪ್ಪಾಗಿದೆ ಅತ್ತೆ" ಅಂದೆ. ಅವರು ಗೋಡೆಯ ಕಡೆ ಹೊರಳಿದರು. ಸಂಜೆ ಕಾಫಿ ಮುಟ್ಟಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೇಲೆ ಹತ್ತಬೇಕು ಅನ್ನುವುದಕ್ಕೆ ಅವರಿಗಿದ್ದದ್ದು ಅದೊಂದೇ ಕಾರಣ. ಅದೂ ಹೋದರೆ ಇವರು ಯಾಕಾದರೂ ಏಳುತ್ತಾರೆ?

ನಮ್ಮವರು ನೋಡಿ ಬಂದು, "ಸತ್ತೋಗಿದೆ ಕಣೇ. ಕಿತ್ತಾಕಿ ನಾಗರಬಾವಿ ನರ್ಸರಿಯಿಂದ ಬೇರೆ ತರ್ತೀನಿ" ಅಂದರು. ಒಳಗಿನಿಂದ ಕೂಗು ಬಂತು: "ಯಾವನ್ಲಾ ಅವನು ಕೀಳೋನು! ಅಮ್ಮಿ, ಕಾಂಡ ಉಗುರಲ್ಲಿ ಕೆರೆದು ನೋಡೋಗು."

ಹೋದೆ. ಮೇಲೆ ಕೆರೆದೆ, ಕಂದು. ಸ್ವಲ್ಪ ಕೆಳಗೆ ಕೆರೆದೆ, ಅದೂ ಕಂದು. ಕೆರೆಯುತ್ತಾ ಕೆರೆಯುತ್ತಾ ಮಣ್ಣಿನ ಹತ್ತಿರ ಬಂದೆ. ಬುಡದ ಗಿಣ್ಣಿನ ಮೇಲೆ ಒಂದು ಎಳೆ ಹಸಿರು ಕಂಡಿತು. ಕೆಳಗೆ ಓಡಿಬಂದೆ.

"ಹಸಿರು ಇದೆ ಅನ್ಸುತ್ತೆ ಅತ್ತೆ."

"ಅನ್ಸುತ್ತೆ ಅಂದ್ರೇನು? ಐತಾ, ಇಲ್ವಾ?"

"ಇದೆ."

"ಹಂಗಾರೆ ಈಗ್ಲೇ ಏನೂ ಕತ್ತರಿಸ್ಬ್ಯಾಡ, ಚಳಿ ಒಳಕ್ಕೆ ಇಳೀತದೆ. ಒಣಗಿದೆಲೆ ಹಂಗೇ ಇರ್ಲಿ, ಅದಕ್ಕದೇ ಹೊದಿಕೆ. ಬಿಸ್ಲು ಬಂದ್ಮ್ಯಾಗೆ ಒಂಚೂರು ನೀರು, ಅದೂ ಮಣ್ಣು ಒಣಗಿದ್ರೆ. ಸಂಜೆ ಗೋಣಿ ಸುತ್ತು."

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಅನ್ನುವುದು ನನಗೇ ಗೊತ್ತು. ಡ್ರಮ್ಮನ್ನು ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಎಳೆದೆವು. ಸಂಜೆಯಾದರೆ ಗೋಣಿ, ಬೆಳಿಗ್ಗೆಯಾದರೆ ಗೋಣಿ ತೆಗೆದು ಇಣುಕುವುದು. ಏನೂ ಇರುತ್ತಿರಲಿಲ್ಲ. ಮತ್ತೆ ಕೆರೆದು ನೋಡಲು ಉಗುರು ಹಾತೊರೆಯುತ್ತಿತ್ತು, ಕೆರೆದು ಕೆರೆದೇ ಸಾಯಿಸಿಬಿಡುತ್ತೇನೇನೋ ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಕೆಳಗಿಳಿದರೆ ಅತ್ತೆಯ ಪ್ರಶ್ನೆ ಕಾಯುತ್ತಿತ್ತು. ನನ್ನ ಉತ್ತರ ಅವರಿಗೆ ಸಾಲುತ್ತಿರಲಿಲ್ಲ. ಮೊದಲು ಎದ್ದು ಕೂತು ಕೇಳಿದರು. ಸಂಕ್ರಾಂತಿಯ ನಂತರ ಒಂದು ದಿನ ತಾವೇ ವಾಕರ್ ಕೇಳಿ, ಹಲ್ಲು ಕಚ್ಚಿಕೊಂಡು ಮೆಟ್ಟಿಲ ಬುಡದವರೆಗೆ ಬಂದು, ತಾರಸಿಯಲ್ಲಿದ್ದ ನನಗೆ "ಅಲ್ಲಿಂದ್ಲೇ ಕೂಗಿ ಹೇಳು, ನಂಗೆ ಕೇಳ್ತದೆ" ಅಂದರು. ವ್ಯಾಯಾಮದ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಒಂದು ಮಧ್ಯಾಹ್ನ ಹಿಟ್ಟಿನ ಗಿರಣಿಯಿಂದ ಬಂದರೆ ಅತ್ತೆಯ ಹಾಸಿಗೆ ಖಾಲಿ. ಬಚ್ಚಲಲ್ಲಿಲ್ಲ. ಹಿತ್ತಲಲ್ಲಿಲ್ಲ. ಮೆಟ್ಟಿಲ ಬುಡದಲ್ಲಿ ವಾಕರ್ ಒಂದೇ ನಿಂತಿತ್ತು. ಹಿಟ್ಟಿನ ಡಬ್ಬಿ ಕೈಯಿಂದ ಜಾರಿದ್ದೂ ತಿಳಿಯಲಿಲ್ಲ, ಓಡಿದೆ.

ಅತ್ತೆ ತಾರಸಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಡಕತ್ತರಿಯಲ್ಲಿ ಒಣಗಿದ ಕಾಂಡ ಕತ್ತರಿಸುತ್ತಿದ್ದರು.

"ಅತ್ತೆ! ಬಿದ್ದಿದ್ರೆ ಏನ್ ಗತಿ?"

"ಬಿದ್ದಿಲ್ವಲ್ಲ. ಬಾ ಇಲ್ಲಿ, ನೋಡು." ನನ್ನ ಕೈ ಹಿಡಿದು ಬುಡಕ್ಕೆ ಒಯ್ದರು. ಗಿಣ್ಣಿನಿಂದ ಅಕ್ಕಿಕಾಳಿನಷ್ಟು ಒಂದು ಚಿಗುರು ಹೊರಬಂದಿತ್ತು. ನಾನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಹಿಂಗೆ ಅಳ್ತಾ ಕೂತ್ರೆ ನನ್ನ ಕೆಳಗಿಳ್ಸೋರು ಯಾರು? ಹತ್ತಾಕೆ ಹತ್ಬುಟ್ಟೆ, ಇಳಿಯಾಕೆ ಭಯ ಆಯ್ತದೆ" ಅಂದರು.

ಅತ್ತೆಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಒಬ್ಬರನ್ನೊಬ್ಬರು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದೆವು.

ಈಗಲೂ ಅವರು ದಿನಾ ಹತ್ತುತ್ತಾರೆ. ಮೇಲಿನ ಬಾಗಿಲ ಚಿಲಕದ ಸದ್ದಾದರೆ ನಾನು ಒಲೆ ಸಣ್ಣ ಮಾಡಿ ಕಿವಿಗೊಡುತ್ತೇನೆ. ಎದೆ ಈಗಲೂ ಹೊಡೆದುಕೊಳ್ಳುತ್ತದೆ. ಆದರೆ "ಹುಷಾರು" ಎಂದು ಕೂಗುವುದನ್ನು ಬಿಟ್ಟಿದ್ದೇನೆ. "ಅಮ್ಮೀ, ಇಳೀತೀನಿ" ಎಂದು ಅವರೇ ಕರೆಯುತ್ತಾರೆ. ಆಗ ಹೋಗಿ ಕೈ ಕೊಡುತ್ತೇನೆ.