ಕಲೆ ಕಳೆಯುವ ಎಣ್ಣೆ

ಹಲಗೂರು ಬಸ್‌ಸ್ಟ್ಯಾಂಡಿನಲ್ಲಿ ಮರಿತಾಯಮ್ಮ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ನೆಲ್ಲಿ ಎಣ್ಣೆಯವಳು ಎಂದರೆ ಕಂಡಕ್ಟರುಗಳೂ ಕೈ ತೋರಿಸುತ್ತಾರೆ. ಬಾಯಿ ಜೋರು. ಕೊಳ್ಳಲು ಬಂದವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಂಗು ಎಲ್ಲಿದೆ, ಮೊಡವೆ ಕಲೆ ಎಲ್ಲಿದೆ ಎಂದು ನಾಲ್ಕು ಜನರ ಮುಂದೆಯೇ ಸಾರಿಬಿಡುವ ಹೆಂಗಸು. ಬೈಸಿಕೊಂಡವರೇ ಮತ್ತೆ ಬಂದು ಕೊಳ್ಳುತ್ತಾರೆ.

ಅವಳಿಗೆ ಬೆಟ್ಟದಿಂದ ಬಂದ ಸಣ್ಣ ನೆಲ್ಲಿಕಾಯಿಯೇ ಆಗಬೇಕು. ಅಂಗಡಿಯ ದಪ್ಪ ಕಾಯಿ ಕಂಡರೆ ಮೂಗು ಮುರಿಯುತ್ತಾಳೆ. ಬೀಜ ಬಿಡಿಸಿ, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ರಸ ಹಿಂಡಿ, ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುತ್ತಾಳೆ. ಇದರಲ್ಲಿ ಕಿತ್ತಳೆಗಿಂತ ಹೆಚ್ಚು ವಿಟಮಿನ್ನು ಇದೆ, ಚರ್ಮಕ್ಕೆ ಒಳ್ಳೆಯದು ಎಂದು ಒಬ್ಬ ನರ್ಸಮ್ಮ ಹೇಳಿದ್ದೇ ತಡ, ಅದೂ ಬಾಯಿಪಾಠವಾಯಿತು. ತನ್ನೆಣ್ಣೆ ಕಳೆಯದ ಕಲೆಯೇ ಇಲ್ಲ ಎಂಬ ಜಂಬ ಬೇರೆ.

ಮಗಳು ವನಜಾಳನ್ನು ಗೆಜ್ಜಲಗೆರೆಯ ಕೆಂಪರಾಜುವಿಗೆ ಕೊಟ್ಟು ಮೂರು ವರ್ಷ. ಫ್ಯಾಕ್ಟರಿ ಕೆಲಸ, ಮೆತ್ತಗಿನ ಮಾತು. ತಿಂಗಳಿಗೊಮ್ಮೆ ಬೈಕಿನಲ್ಲಿ ಬಂದು, ವನಜಂಗೆ ಎಣ್ಣೆ ಕೊಡಿ ಅತ್ತೆ ಎಂದು ಒಂದು ಶೀಸೆ ಒಯ್ಯುತ್ತಿದ್ದ. ಹೆಂಡತಿಯ ಅಂದದ ಮೇಲೆ ಇಷ್ಟು ನಿಗಾ ಇರುವ ಗಂಡು ಈ ಸೀಮೆಯಲ್ಲೇ ಇಲ್ಲ ಎಂದು ಮರಿತಾಯಮ್ಮ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಅಯ್ಯೋ, ಅವಳ ಬುದ್ಧಿಗಿಷ್ಟು.

ಯುಗಾದಿ ಕಳೆದ ಮೇಲೆ ವನಜಾ ಬಂದು, ಗಂಡ ಬೆಲ್ಟಿನಲ್ಲಿ ಹೊಡೆಯುತ್ತಾನೆ, ನಾನಿನ್ನು ಹೋಗುವುದಿಲ್ಲ ಎಂದು ಕೂತಳು. ನ್ಯಾಯ ಸೇರಿತು. ಊರ ಯಜಮಾನ ಪುಟ್ಟಮಾದಯ್ಯ, ಏಟು ಎಲ್ಲಮ್ಮ, ತೋಳು ತೋರಿಸು ಎಂದ. ತೋಳು ನುಣ್ಣಗೆ ಹೊಳೆಯುತ್ತಿತ್ತು. ಕೆಂಪರಾಜು ಪಾಪ ಎನ್ನಿಸುವ ಹಾಗೆ ತಲೆ ತಗ್ಗಿಸಿಕೊಂಡಿದ್ದ. ವನಜಾ ತಾಯಿಯ ಮುಖ ನೋಡಿದಳು. ಹೆತ್ತವಳು ಏನು ಮಾಡಬೇಕಿತ್ತು, ನೀವೇ ಹೇಳಿ. ಇವಳು ಮಗಳನ್ನೇ ಗದರಿಸಿ ಗಂಡನ ಬೈಕು ಹತ್ತಿಸಿದಳು. ಜೊತೆಗೆ ಎರಡು ಶೀಸೆ ಎಣ್ಣೆಯನ್ನೂ ಕೊಟ್ಟಳು.

ಮತ್ತೆ ನೆಲ್ಲಿಕಾಯಿ ಬರುವ ಕಾಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಕುಟ್ಟುತ್ತಿದ್ದಾಗ ವನಜಾ ಆಟೋ ಇಳಿದು ಬಂದಳು. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಕತ್ತಿನ ಮೇಲೆ ಐದು ಬೆರಳೂ ಎಣಿಸುವಂತೆ ಮೂಡಿದ್ದವು. ಮರಿತಾಯಮ್ಮನ ಕೈ ತಾನಾಗಿ ಎಣ್ಣೆ ಶೀಸೆಗೆ ಹೋಯಿತು. ಅಭ್ಯಾಸ, ಇನ್ನೇನು. ವನಜಾ ಆ ಕೈಯನ್ನು ಹಿಡಿದುಕೊಂಡಳು.

"ಸವರ್ಬ್ಯಾಡ ಕಣವ್ವ. ಒಡಿಯೋನೂ ಅವನೇ, ನಿನ್ನೆಣ್ಣೆ ತಂದು ಸವರೋನೂ ಅವನೇ. ಕಲೆ ಓಗೋಗಂಟ ಒಳಗೇ ಕೂಡಾಕ್ತಾನೆ. ಆಮೇಲೆ ಓಗು, ಯಾರ್ಗ್ ಬೇಕಾದ್ರೂ ತೋರ್ಸು ಅಂತಾನೆ. ಇವತ್ತು ಕಲೆ ಇರೋವಾಗ್ಲೇ ತಪ್ಪಿಸ್ಕೊಂಡು ಬಂದಿವ್ನಿ."

ಕಲೆ ಹೋದದ್ದು ಎಣ್ಣೆಯಿಂದಲೋ ದಿನ ಕಳೆದದ್ದರಿಂದಲೋ, ಅದು ಬೇರೆ ಮಾತು. ಮೂರು ವರ್ಷ ಕೊಟ್ಟ ಶೀಸೆಗಳೆಲ್ಲ ಮರಿತಾಯಮ್ಮನ ಕಣ್ಣ ಮುಂದೆ ಬಂದವು. ತಾನೇ ಕುಟ್ಟಿ, ತಾನೇ ಕಾಯಿಸಿ, ನಗುನಗುತ್ತಾ ಕೊಟ್ಟದ್ದು.

ಅಷ್ಟರಲ್ಲಿ ಬೈಕು ಬಂದು ನಿಂತಿತು. ಕೆಂಪರಾಜುವಿನದು ಅದೇ ಮೆತ್ತಗಿನ ದನಿ. ಬಚ್ಚಲಲ್ಲಿ ಜಾರಿಬಿದ್ದಳಂತೆ, ಒಂದು ಶೀಸೆ ಕೊಟ್ಟರೆ ತಾನೇ ನೋಡಿಕೊಳ್ಳುತ್ತಾನಂತೆ. ಮರಿತಾಯಮ್ಮ ಶೀಸೆಯನ್ನು ಅವನ ಕಾಲ ಬಳಿ ಎತ್ತಿ ಒಗೆದಳು. ಮೆತ್ತಗಿನ ಮಾತು ಅಲ್ಲಿಗೆ ಮುಗಿಯಿತು. ಅವನು ಹೆಂಡತಿಯ ಜಡೆಗೆ ಕೈಹಾಕಿ, ಒಡೆದ ಗಾಜಿನ ಮೇಲೆಯೇ ದರದರ ಎಳೆದ. ಅಡ್ಡ ಬಂದ ಅತ್ತೆಯ ಎದೆಗೆ ಒದ್ದ.

ಒರಳಿನ ಪಕ್ಕ ಬಿದ್ದವಳ ಕೈಗೆ ಒನಕೆ ಸಿಕ್ಕಿತು. ಮೂವತ್ತು ವರ್ಷ ಕುಟ್ಟಿದ ತೋಳು ಅದು. ಮೊದಲ ಏಟು ಜಡೆ ಹಿಡಿದಿದ್ದ ಕೈಗೆ ಬಿತ್ತು, ಮೂಳೆ ಲಟಕ್ಕೆಂದದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ. ಎರಡನೆಯದು ಮಂಡಿಗೆ. ಮೂರನೆಯದು ತಲೆಗೇ ಬೀಳುತ್ತಿತ್ತು, ವನಜಾ ಎದ್ದುಬಂದು ತಾಯಿಯನ್ನು ತಬ್ಬಿ ಹಿಡಿದಳು. ಅಂಗಳದಲ್ಲಿ ನೆಲ್ಲಿರಸ, ಎಣ್ಣೆ, ನೆತ್ತರು ಒಂದಾಗಿ ಹರಡಿದ್ದವು.

ಕೆಂಪರಾಜು ನೆಲದಲ್ಲಿ ಹೊರಳುತ್ತಾ, ಈ ಕೈ ತೋರಿಸಿಯೇ ನಿನ್ನನ್ನು ಜೈಲಿಗೆ ಹಾಕಿಸುತ್ತೇನೆ ಎಂದು ಅರಚಿದ.

"ತೋರ್ಸೋಗ್ಲಾ. ನಿಂಗೆ ನಾನು ಎಣ್ಣೆ ಸವರಕ್ಕಿಲ್ಲ," ಎಂದಳು ಮರಿತಾಯಮ್ಮ.

ಅವನನ್ನು ಆಸ್ಪತ್ರೆಗೆ ಒಯ್ಯಿರಿ ಎಂದು ನೆರೆಯವರಿಗೆ ಹೇಳಿ, ಮಗಳ ಕೈಹಿಡಿದು ಪೊಲೀಸ್ ಠಾಣೆಗೆ ಹೊರಟಳು. ಒನಕೆಯನ್ನೂ ಹೆಗಲ ಮೇಲಿಟ್ಟುಕೊಂಡಳು. ತಾನೂ ಹೊಡೆದದ್ದನ್ನು ಅವರು ಬರೆದುಕೊಳ್ಳಲಿ, ಮುಚ್ಚಿಡುವುದು ಇನ್ನು ಸಾಕು ಎನ್ನಿಸಿತ್ತು.

ಬಸ್‌ಸ್ಟ್ಯಾಂಡು ದಾಟುವಾಗ ವನಜಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಎಣ್ಣೆಗೆ ಖಾಯಂ ಬರುವ ಚಿಕ್ಕಮಾದಮ್ಮ ಎದುರಾಗಿ, ಸೆರಗಿನ ಸಂದಿಯಲ್ಲಿ ಊದಿದ ಕಣ್ಣು ಕಂಡು, ಇದೇನಿದು, ನಿನ್ನ ಮಗಳಿಗೇ ನಿನ್ನೆಣ್ಣೆ ಇಲ್ಲವೇ ಎಂದು ಕೇಳಿದಳು. ಮರಿತಾಯಮ್ಮ ಒನಕೆ ಕೆಳಗಿಟ್ಟಳು. ಸೆರಗು ಸರಿಸಿ, ಗಿರಾಕಿಗಳಿಗೆ ಮಾಡುವ ಹಾಗೆಯೇ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಸರ್ಯಾಗ್ ನೋಡ್ಕೊ ಕಣಮ್ಮ. ನಾಳೆ ಯಾರಾರ ಕೇಳುದ್ರೆ, ಕಂಡಿವ್ನಿ ಅಂತ ಯೋಳು."