ಗೆರೆ ಮುಟ್ಟಿದ ಮೇಲೆ ಬಂದ ಕೂಗು

'ಟಪ್' ಎಂಬ ಸದ್ದು ಅಂಕಣದಾಚೆ ಕೂತಿದ್ದ ನನಗೂ ಕೇಳಿಸಿತು. ಕನಕಪುರದಲ್ಲಿ ಕಬಡ್ಡಿ ಪಂದ್ಯ. ಬಿಡದಿಯಲ್ಲಿ ಆಗಷ್ಟೇ ಶುರುವಾಗಿದ್ದ ಕಾರ್ಖಾನೆಯೊಂದು ಸಂಬಳ ಕೊಟ್ಟು ಆಡಿಸುತ್ತಿದ್ದ ನಮ್ಮ ಸಾತನೂರಿನ ಸಿದ್ದರಾಜು, ಎರಡು ಸಲ ಮಂಡಿ ಆಪರೇಷನ್ ಆಗಿ ಅಂದೇ ಮತ್ತೆ ಅಂಕಣಕ್ಕಿಳಿದಿದ್ದ. ಎದುರಾಳಿಗಳು ಅದೇ ಕಾಲು ಹಿಡಿದು ಬೀಳಿಸಿದ್ದರು. ಆದರೂ ಅವನ 'ಕಬಡ್ಡಿ, ಕಬಡ್ಡಿ' ನಿಲ್ಲಲಿಲ್ಲ. ತೆವಳುತ್ತಾ ಬಂದು ನಡುಗೆರೆ ಮುಟ್ಟಿದ. ನಾವೆಲ್ಲ ಶಿಳ್ಳೆ ಹೊಡೆದೆವು. ಆಮೇಲೆ ಅವನು ಕಿರುಚಿದ. ಓಡಿಹೋಗಿ ನೋಡಿದರೆ ಮಂಡಿಯ ಕೆಳಗಿನ ಕಾಲು ಪಕ್ಕಕ್ಕೆ ತಿರುಗಿತ್ತು.

"ನೋವಾದಾಗ್ಲೇ ಕೂಗ್ಬಾರ್ದೇನ್ಲಾ?" ಎಂದೆ.

"ಕೂಗಿದ್ರೆ ದಮ್ಮು ಕಟ್ಟಾಗಿ ಔಟಾಗ್ಬುಡ್ತಿದ್ದೆ ಕಣಣ್ಣಾ. ಪಾಯಿಂಟ್ ಕೊಟ್ರಾ?"

ಸಿದ್ದರಾಜು ಮತ್ತೆ ಆಡಲಿಲ್ಲ. ಕಬಡ್ಡಿ ನಡೆಯುವಲ್ಲಿ ನಾನು ಈಗಲೂ ನಿಲ್ಲುತ್ತೇನೆ. ಶಿಳ್ಳೆ ಹೊಡೆಯಲು ಮಾತ್ರ ಬೆರಳು ಬಾಯಿಗೆ ಹೋಗುವುದಿಲ್ಲ.